ಹಾಲು ಕುಡಸೂ ಮುಂದ ನೋವಾದ್ರ ತಡಕೋಬೇಕೇನು?

ಬಾಣಂತಿ ಇದ್ದ ಮನಿಗೆ ಹೋದ್ರ, ಹಾನಗಲ್ಲಾಗಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರಾಗಲಿ, ಒಂದು ಮಾತು ಕೇಳೇ ಕೇಳಸ್ತೈತಿ: "ಚೊಚ್ಚಲ ಅಂದಮ್ಯಾಲ ನೋವು ಇರೂದ ಬಿಡವಾ, ತಡಕೋ." ಈಗ ಮೊಬೈಲ್‌ನಾಗ ವಿಡಿಯೋ ನೋಡಿ ಇನ್ನೊಂದು ಮಾತು ಬಂದೈತಿ: "ಕೂಸಿನ ನಾಲಿಗಿ ಕೆಳಗ ಅಂಟೇತಿ, ಕೊಯ್ಸಿಬಿಡ್ರಿ." ಒಂದು ಮಾತು ತಾಯಿನ್ನ ಅಳಸ್ತೈತಿ, ಇನ್ನೊಂದು ಕೂಸಿನ್ನ. ಎರಡೂ ಪೂರ್ತಿ ಖರೆ ಅಲ್ಲ.

ನನ್ನ ತಂಗಿ ಮಗಳು ಸವಣೂರಿಗೆ ತವರುಮನಿಗೆ ಬಾಣಂತನಕ್ಕ ಬಂದಾಗ ನಾನೂ ಹದಿನೈದು ದಿನ ಅಲ್ಲೇ ಇದ್ದೆ. ಐದನೇ ದಿನಕ್ಕ ಮೊಲಿ ತೊಟ್ಟು ಎರಡೂ ಒಡದು ರಕ್ತ ಬರಾಕ್ಹತ್ತಿತ್ತು. ಕೂಸು ಅತ್ರ ಸಾಕು, ತಾನೂ ಅಳಾಕಿ. ಏಳನೇ ದಿನ ತೂಗಿದ್ರ ಕೂಸು ಹುಟ್ಟಿದಾಗಿನ ತೂಕಕ್ಕೂ ಇನ್ನೂ ಬಂದಿದ್ದಿಲ್ಲ. ಒಬ್ರು ಸಬ್ಬಸಗಿ ಪಲ್ಲೆ ತಿನ್ನಂದ್ರು, ಒಬ್ರು ದೃಷ್ಟಿ ತಗೀರಿ ಅಂದ್ರು, ಗಂಡನ ಮನಿಯಿಂದ ಬಾಟ್ಲಿ, ಪೌಡರ್ ಹಾಲು ಬಂತು. ನೆರೆಮನಿಯವ್ರು ಕೂಸಿನ ಬಾಯಿ ತೆಗೆದು, "ನಾಲಿಗಿ ಅಂಟೇತಿ" ಅಂತ ತೀರ್ಪು ಕೊಟ್ರು. ಹುಡುಗಿ ಮಾತ್ರ ಸೋತು ಹೋಗಿದ್ಲು. "ದೊಡ್ಡವ್ವಾ, ನನ್ನ ಕೈಲಿ ಆಗಂಗಿಲ್ಲ, ಬಾಟ್ಲಿನ ಕೊಡ್ತೇನಿ" ಅಂದ್ಲು.

ಆಸ್ಪತ್ರ್ಯಾಗ ಹೆರಿಗಿ ಆದ್ರ ಆಶಾ ಕಾರ್ಯಕರ್ತಿ 3, 7, 14, 21, 28, 42ನೇ ದಿನ ಮನಿಗೆ ಬರಬೇಕಂತ ನೇಮ ಐತಿ. ಆವತ್ತು ಬಂದಾಕಿ ಮೊದಲ ಕೂಸಿನ ಬಾಯಿ ನೋಡಲಿಲ್ಲ. "ಕುಡಸವಾ, ನೋಡೂಣು" ಅಂತ ಬಾಜೂಕ ಕುಂತ್ಲು. ನಾವು ಯಾರೂ ಹಂಗ ಕುಂತು ನೋಡಿದ್ದಿಲ್ಲ. ಕೂಸು ಬರೇ ತೊಟ್ಟಿನ ತುದಿ ಹಿಡದು ಚೀಪತಿತ್ತು. ನೋವು ಅದಕ್ಕ, ಹಾಲು ಸಾಲದ್ದೂ ಅದಕ್ಕ.

ಆಕಿ ಹೇಳಿಕೊಟ್ಟದ್ದು ಇಷ್ಟ. ಕೂಸಿನ ಹೊಟ್ಟಿ ತಾಯಿ ಹೊಟ್ಟಿಗೆ ಹತ್ತಬೇಕು, ಕುತಿಗಿ ಸೊಟ್ಟ ಆಗಬಾರದು. ಬಾಯಿ ಅಗಲ ತೆರದಾಗ ಕೂಸಿನ್ನ ಎದಿಗೆ ತರಬೇಕು, ತಾಯಿ ಬಗ್ಗಬಾರದು. ತೊಟ್ಟಿನ ಜೋಡಿ ಸುತ್ತಲಿನ ಕಪ್ಪು ಭಾಗನೂ, ಅದರಾಗೂ ಕೆಳಗಿನದು ಹೆಚ್ಚು, ಬಾಯಾಗ ಹೋಗಬೇಕು. ಗದ್ದ ಎದಿಗೆ ಹತ್ತಿರಬೇಕು, ಕೆಳತುಟಿ ಹೊರಗ ಮಡಚಿರಬೇಕು. ನೋವಾದ್ರ ಎಳೀಬಾರದು, ಬಾಯಿ ಮೂಲ್ಯಾಗ ಬೆರಳಿಟ್ಟು ಬಿಡಿಸಿ ಮತ್ತ ಹಿಡಸಬೇಕು. ಎರಡು ದಿನಕ್ಕ ನೋವು ಅರ್ಧ ಆತು. 14ನೇ ದಿನ ಕೂಸಿನ ತೂಕ ಹುಟ್ಟಿದಾಗಿನದನ್ನ ದಾಟಿತ್ತು. ಬಾಟ್ಲಿ ಹಂಗ ಕಪಾಟಿನ್ಯಾಗ ಉಳೀತು.

ಹಂಗಂತ ನಾಲಿಗಿ ಅಂಟೂದು ಸುಳ್ಳಲ್ರಿ. ನಾಲಿಗಿ ಕೆಳಗಿನ ಎಳಿ ನಮ್ಮೆಲ್ಲಾರಿಗೂ ಐತಿ, ಕನ್ನಡಿ ಮುಂದ ನಾಲಿಗಿ ಎತ್ತಿ ನೋಡ್ರಿ. ಕೆಲವು ಕೂಸಿಗೆ ಅದು ಗಿಡ್ಡ ಇಲ್ಲಾ ಬಿಗಿ ಇರ್ತೈತಿ. ಆಗ ನಾಲಿಗಿ ಕೆಳಗಿನ ವಸಡು ದಾಟಿ ಬರಂಗಿಲ್ಲ, ತುದಿ ನಡುವ ಒಳಗ ಎಳದಂಗ ಕಾಣ್ತೈತಿ. ಆದ್ರ ಹಂಗ ಕಂಡ ಕೂಸುಗಳಾಗ ಅರ್ಧಕ್ಕಿಂತ ಕಡಿಮಿ ಕೂಸಿಗೆ ಅಷ್ಟ ಹಾಲು ಕುಡ್ಯಾಕ ತೊಂದ್ರಿ ಆಗ್ತೈತಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2024ರಾಗ ಹೇಳೇತಿ. ಮ್ಯಾಲಿನ ತುಟಿ ಒಳಗಿನ ಎಳಿಯಂತೂ ಕೂಸುಗಳಿಗೆ ಇರೂದ. ಹಾಲಿನ ಸಲುವಾಗಿ ಅದನ್ನ ಕೊಯ್ಸೂದು ಬ್ಯಾಡ.

ನಮ್ಮ ಪರಿಚಯದವರ ಮೊಮ್ಮಗಗ ಖರೇನ ಬಿಗಿ ಇತ್ತು. ಹಿಡಿಯೂದು ಎಷ್ಟು ತಿದ್ದಿದ್ರೂ ನೋವು ಹೋಗಲಿಲ್ಲ, ತೂಕ ಏರಲಿಲ್ಲ. ಡಾಕ್ಟರು ಸಣ್ಣ ಕತ್ತರಿಲೆ ಬಿಡಿಸಿದ್ರು, ಆಮ್ಯಾಲ ಅಲ್ಲೇ ಎದಿಗೆ ಹಚ್ಚಿದ್ರು. ಹಿಂಗ ಬಿಡಿಸಿದ್ರ ತಾಯಿ ನೋವು ಸ್ವಲ್ಪ ದಿನದ ಮಟ್ಟಿಗೆ ಕಡಿಮಿ ಆಗ್ತೈತಿ ಅಂತ 2017ರ ಒಂದು ಪರಿಶೀಲನೆನೂ ಹೇಳೇತಿ. ಆದ್ರ ಅದು ಡಾಕ್ಟರ ಕೆಲಸ. ಉಗುರಿಲೆ, ಬ್ಲೇಡಿಲೆ ಮನ್ಯಾಗ ಹರಿಯೂದು ಬ್ಯಾಡ್ರಿ, ರಕ್ತ ನಿಲ್ಲಲಿಲ್ಲ ಅಂದ್ರ, ನಂಜಾತು ಅಂದ್ರ ಕೂಸಿನ ಜೀವಕ್ಕ ಬರ್ತೈತಿ. ಮಾತು ಬರಲಿ ಅಂತ ಜೇನುತುಪ್ಪದಾಗ ಬಜಿ ತೇಯ್ದು ನೆಕ್ಕಸೂದೂ ಬ್ಯಾಡ. ಆರು ತಿಂಗಳು ತಾಯಿ ಹಾಲು ಬಿಟ್ಟು ನೀರು ಸೈತ ಬ್ಯಾಡ.

ಮೊದಲ ಕೆಲವು ದಿನ ಬಾಯಿ ಹಚ್ಚಿದ ಕೂಡಲೆ ಸ್ವಲ್ಪ ಚುರ್ ಅಂದ್ರ ನಡೀತೈತಿ. ಕುಡದು ಮುಗಿಯೂತನಕ ನೋವಿದ್ರ, ತೊಟ್ಟು ಒಡದ್ರ ತೋರಸ್ರಿ. ಎದಿ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದ್ರ ಅದ ದಿನ ತೋರಸ್ರಿ, ಆದ್ರ ಕುಡಸೂದು ನಿಲ್ಲಸಬ್ಯಾಡ್ರಿ. ವಾರದ ಕೂಸು ದಿನಕ್ಕ ಆರು ಸಲಕ್ಕಿಂತ ಕಡಿಮಿ ಉಚ್ಚಿ ಹೊಯ್ದ್ರೂ ತಡಾ ಮಾಡಬ್ಯಾಡ್ರಿ.

ಬಾಣಂತಿ ನೋಡಾಕ ಹ್ವಾದಾಗ ಕೂಸಿನ ಬಣ್ಣ, ಮೂಗು ಯಾರಂಗೈತಿ ಅಂತ ಎಲ್ಲಾರೂ ಕೇಳ್ತೇವಿ. "ಕುಡಸೂ ಮುಂದ ನೋವಾಕ್ಕೈತೇನವಾ?" ಅಂತನೂ ಒಂದು ಮಾತು ಕೇಳ್ರಿ. ಹೌದಂದ್ರ ತಡಕೋ ಅನಬ್ಯಾಡ್ರಿ. ಬಾಜೂಕ ಕುಂತು ಒಂದು ಸಲ ನೋಡ್ರಿ.