ಹಾಲಾಡಿಯ ಹಾದಿಯೂ ಮೂರು ಚಕ್ರಗಳ ವಿಚಾರವೂ

ಕುಂದಾಪುರದಿಂದ ಕೋಟೇಶ್ವರವನ್ನು ಹಾದು, ಬಿದ್ಕಲ್‌ಕಟ್ಟೆಯ ಮಾರ್ಗವಾಗಿ ಪೂರ್ವಾಭಿಮುಖರಾಗಿ ನಡೆದರೆ ಹಾಲಾಡಿಯು ದೊರೆಯುವುದು. ಘಟ್ಟದಿಂದಿಳಿದು ಬರುವ ವಾರಾಹಿಗೆ ಈ ಸೀಮೆಯಲ್ಲಿ ಹಾಲಾಡಿ ಹೊಳೆಯೆಂದೇ ರೂಢಿ. ಪೇಟೆಯಿಂದ ಶಂಕರನಾರಾಯಣಕ್ಕೂ, ಅಮಾಸೆಬೈಲಿಗೂ, ಹೆಬ್ರಿಯ ಕಡೆಗೂ ದಾರಿಗಳು ಒಡೆಯುತ್ತವೆ. ಗದ್ದೆ, ತೋಟ, ಹಾಡಿ, ಮತ್ತೆ ಗದ್ದೆ; ಹಾದಿಯು ನೆಟ್ಟಗೆ ಬಹುದೂರ ಸಾಗುವುದೇ ಇಲ್ಲ. ಬೇಸಗೆಯಲ್ಲಿ ಈ ತಿರುವುಗಳು ಕಣ್ಣಿಗೆ ಹಬ್ಬ. ಆಷಾಢದಲ್ಲಿ ಮುರಕಲ್ಲಿನ ಕೆಮ್ಮಣ್ಣು ಮಳೆನೀರಿನೊಡನೆ ಇಳಿದು, ಅವೇ ತಿರುವುಗಳು ಎಣ್ಣೆ ಸವರಿದಂತಾಗುವುವು.

ಇದನ್ನು ನಾವು ಸ್ವಾನುಭವದಿಂದ ಬಲ್ಲೆವು. ಪೇಟೆಯಿಂದ ಒಂದು ಮೈಲಿ ಒಳಗೆ, ಅಡಕೆತೋಟದ ಮನೆಯಲ್ಲಿ ನಮ್ಮ ಅಕ್ಕ ಒಬ್ಬರೇ ಇರುವರು. ವಾರಕ್ಕೊಮ್ಮೆ ಅವರಿಗೆ ಮದ್ದು ತಲುಪಿಸುವುದು ನಮ್ಮ ಕೆಲಸ. ಕಳೆದ ಮಳೆಗಾಲದಲ್ಲಿ ಹೀಗೆಯೇ ಹೋಗುತ್ತಿರಲು, ಒಂದು ತಿರುವಿನಲ್ಲಿ ಸ್ಕೂಟರಿನ ಮುಂಚಕ್ರವು ಜಾರಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾವು ಚರಂಡಿಯಲ್ಲಿದ್ದೆವು. ಮಣಿಕಟ್ಟು ಮುರಿಯಿತು. ಮದ್ದಿನ ಶೀಸೆ ಮಾತ್ರ ಒಡೆಯಲಿಲ್ಲ.

ಈ ವಾರ್ತೆಯು ಪ್ಯಾರಿಸ್ ನಗರದಲ್ಲಿ ಉದ್ಯೋಗದಲ್ಲಿರುವ ಸೋದರಳಿಯನಿಗೆ ಮುಟ್ಟಿತು. ಅವನು ಒಂದು ವಾಹನದ ಚಿತ್ರವನ್ನು ಕಳುಹಿಸಿ, “ಮಾವ, ನಿಮಗೆ ತಕ್ಕದ್ದು ಇದೇ. ಹಣದ ಚಿಂತೆ ನನಗಿರಲಿ” ಎಂದು ಬರೆದನು. ಮುಂದೆ ಎರಡು ಚಕ್ರ, ಹಿಂದೆ ಒಂದು. ಇಟಲಿಯ ಪಿಯಾಜಿಯೋ ಸಂಸ್ಥೆಯವರು 2006ರಲ್ಲಿ ಹೊರತಂದ ಎಂಪಿ-3 ಎಂಬ ಬಗೆ. ಆ ನಗರದ ಬೀದಿಗಳಲ್ಲಿ ಅದು ಅತಿ ಸಾಮಾನ್ಯವಂತೆ.

ಮೂರು ಚಕ್ರವು ನಮಗೆ ಹೊಸದೇನಲ್ಲ. ಅಶ್ವಿನೀದೇವತೆಗಳ ರಥವನ್ನು ಋಗ್ವೇದವು ತ್ರಿಚಕ್ರವೆಂದೇ ವರ್ಣಿಸಿರುವುದು. ಅದೇ ಪಿಯಾಜಿಯೋದವರು 1948ರಲ್ಲಿ ಹೊರಡಿಸಿದ ‘ಆಪೆ’ಯ ವಂಶಕ್ಕೇ ನಮ್ಮ ಅಟೋರಿಕ್ಷಾವೂ ಸೇರಿದುದು. ಆ ಭಾಷೆಯಲ್ಲಿ ಆಪೆ ಎಂದರೆ ಜೇನುನೊಣ. ಅದರ ಅಣ್ಣನಾದ ವೆಸ್ಪಾ ಸ್ಕೂಟರು ಕಣಜ. ಆದರೆ ರಿಕ್ಷಾವು ತಿರುವಿನಲ್ಲಿ ಬಾಗಲಾರದು. ವೇಗವು ಮಿತಿಮೀರಿದರೆ ಒಳಮಗ್ಗುಲಿನ ಚಕ್ರವು ನೆಲ ಬಿಟ್ಟೇಳುವುದು. ಈ ಹೊಸ ವಾಹನವಾದರೋ ಬಾಗುವುದು. ಮುಂದಿನ ಎರಡು ಚಕ್ರಗಳನ್ನು ಸಮಾನಾಂತರ ಚತುರ್ಭುಜದಂತಹ ಸಂದುಕಟ್ಟಿನಿಂದ ಕೂಡಿಸಿರುವುದರಿಂದ, ಸವಾರನು ವಾಲಿದಂತೆ ಚಕ್ರಗಳೂ ಜೊತೆಯಾಗಿ ವಾಲುವುವು. ಒಂದು ಚಕ್ರವು ಕೆಸರಿನಲ್ಲಿ ಜಾರಿದರೂ ಇನ್ನೊಂದು ನೆಲವನ್ನು ಹಿಡಿದಿರುವ ಸಂಭವ ಹೆಚ್ಚು. ನಿಲ್ಲುವಾಗ ಗುಂಡಿಯೊತ್ತಿ ಬಾಗನ್ನು ಬಿಗಿದರೆ ಕಾಲೂರದೆಯೇ ನಿಲ್ಲಬಹುದು. ಅಂದು ಅಂತಹುದಿದ್ದಿದ್ದರೆ ನಮ್ಮ ಮಣಿಕಟ್ಟು ಬಹುಶಃ ಉಳಿಯುತ್ತಿತ್ತು.

ಈ ಗುಣಗಳನ್ನೆಲ್ಲ ಮೊನ್ನೆ ಹಾಲಾಡಿಗೆ ಹೋಗುತ್ತ ರಿಕ್ಷಾ ಚಾಲಕನಿಗೆ ವಿವರಿಸಿದೆವು. ಅವನು ನಮ್ಮ ಹಳೆಯ ಶಿಷ್ಯ. ಮೊಬೈಲಿನಲ್ಲಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿ, “ಕಾಣಿ ಮಾಷ್ಟ್ರೇ, ಒಂದ್ ಚಕ್ರ ಆರೆ ಹೊಂಡ ತಪ್ಸುಕಾತ್ತ್. ಎರಡಿದ್ರೆ ಒಂದನ್ ತಪ್ಸ್ರೆ ಇನ್ನೊಂದ್ ಬೀಳತ್ತ್” ಎಂದನು. ವ್ಯಾಕರಣದಲ್ಲಿ ಅವನು ಎಂದೂ ಉತ್ತೀರ್ಣನಾದವನಲ್ಲ. ತರ್ಕದಲ್ಲಿ ನಮ್ಮನ್ನು ಮೀರಿಸಿದನು.

ಮುಂಚಕ್ರಗಳ ನಡುವಣ ಅಂತರ ಸುಮಾರು ಒಂದು ಮೊಳ. ಅಕ್ಕನ ಮನೆಯ ದಾರಿಯಲ್ಲಿ ಆ ಮೊಳವನ್ನು ಎಲ್ಲಿ ಇರಿಸುವುದು? ನಮ್ಮ ಸ್ಕೂಟರಿನ ತೂಕ ನೂರು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅದರದು 200ರ ಆಸುಪಾಸು. ಯಮಾಹಾದವರು 2018ರಲ್ಲಿ ತಂದ ನಿಕೆನ್ ಎಂಬ ಮೋಟಾರು ಸೈಕಲ್ಲಂತೂ 263 ಕಿಲೋಗ್ರಾಮು! ಬಾಗನ್ನು ಬಿಗಿಯದಿದ್ದರೆ ಇದೂ ಇತರ ಸ್ಕೂಟರುಗಳಂತೆಯೇ ಮಗ್ಗುಲಿಗೆ ಬೀಳುವುದು, ಬಿದ್ದರೆ ಎತ್ತುವವರಾರು? ಸಂದುಕಟ್ಟು ಸಡಿಲಾದರೆ ಕುಂದಾಪುರದ ಮೇಸ್ತ್ರಿಗಳು ಬುದ್ಧಿವಂತರೇ ಸರಿ, ಆದರೆ ಬಿಡಿಭಾಗವು ಸಮುದ್ರ ದಾಟಿ ಬರಬೇಕು.

ಬಾಗುವ ಮೂರು ಚಕ್ರಗಳ ವಾಹನಗಳೆಲ್ಲವೂ ಬಾಳಿದವೆಂದಲ್ಲ. ಇಂಗ್ಲೆಂಡಿನಲ್ಲಿ 1970ರಲ್ಲಿ ಬಂದ ಏರಿಯಲ್-3 ಮಾರಾಟವಾಗದೆ ಮೂಲೆಗುಂಪಾಯಿತು. ಜಪಾನಿನಲ್ಲಿ 1980ರ ದಶಕದಲ್ಲಿ ಬಂದ ಹೋಂಡಾ ಜೈರೋ ಮಾತ್ರ ಮನೆಮನೆಗೆ ತಿಂಡಿ ತಲುಪಿಸುವ ಕೆಲಸದಲ್ಲಿ ಹೆಸರು ಗಳಿಸಿತು. ಅದರಲ್ಲಿ ಹಿಂದಿನ ಜೋಡಿಚಕ್ರಗಳು ನೆಟ್ಟಗಿದ್ದು, ಸವಾರನ ಭಾಗವಷ್ಟೇ ಬಾಗುವುದು.

ಅಕ್ಕನವರಿಗೆ ಮಗನ ಆಲೋಚನೆಯನ್ನು ತಿಳಿಸಿದೆವು. ಅವರು ಹಪ್ಪಳದ ಕಟ್ಟನ್ನು ನಮ್ಮ ಚೀಲಕ್ಕೆ ತುರುಕುತ್ತ, “ಮದ್ದ್ ಎರಡ್ ದಿನ ತಡ ಆದ್ರೂ ಅಡ್ಡಿಲ್ಲೆ ತಮ್ಮ, ನೀ ಬಿದ್ಕಂಡ್ ಬರ್ಬೇಡ” ಎಂದರು. ಅವರ ಕಣ್ಣು ನಮ್ಮ ಮಣಿಕಟ್ಟಿನ ಮೇಲಿತ್ತು.

ಆ ವಾಹನವನ್ನು ಕುಂದಾಪುರದಲ್ಲಿ ಮಾರಿ, ಅಲ್ಲಿಯೇ ದುರಸ್ತಿ ಮಾಡಿಕೊಡುವವರಿದ್ದರೆ ನಾವು ಕೊಳ್ಳಲು ಹಿಂಜರಿಯುತ್ತಿರಲಿಲ್ಲ. ಅಲ್ಲಿಯವರೆಗೆ ಸ್ಕೂಟರು ದೀಪಾವಳಿಯ ತನಕ ಕೊಟ್ಟಿಗೆಯಲ್ಲಿರಲಿ ಎಂದು ಅಳಿಯನಿಗೆ ಬರೆದೆವು. ನಾಲ್ಕು ಗಂಟೆಗೆ ಶಿಷ್ಯನ ರಿಕ್ಷಾ ಬಂದಿತು. ಮುಂದಿನ ಶನಿವಾರಕ್ಕೂ ಅವನನ್ನೇ ಗೊತ್ತುಮಾಡಿ, ಹೊಳೆಯ ಕಡೆಯಿಂದ ಮಳೆಯು ಹೊಯ್ಯುತ್ತ ಬರುವಷ್ಟರಲ್ಲಿ ಪೇಟೆಯನ್ನು ದಾಟಿದೆವು.