ಕಮಲಾಪುರದ ದಾರಿಯಲ್ಲಿ ಫ್ಯಾಂಜಿಯೊ

ಬಸ್ಸಿನಲ್ಲಿ ಮುಂದಿನ ಸೀಟು ಸಿಗದಿದ್ದರೆ ಇನ್ನೊಂದು ಬಸ್ಸಿಗೆ ಕಾಯುವ ಪೈಕಿ ನಾನು. ಕಲಬುರಗಿಯಲ್ಲಿ ಹುಮನಾಬಾದಿನ ಬಸ್ಸು ಹತ್ತಿ ಡ್ರೈವರ್ ಪಕ್ಕದ ಸಾಲಿನಲ್ಲಿ, ದೊಡ್ಡ ಗಾಜಿನ ಹಿಂದೆ ಕೂತೆ. "ಹಿಂದ ಸೀಟ್ ಖಾಲಿ ಅವ ನೋಡ್ರಿ ಸರ, ಇಲ್ಲಿ ಇಂಜಿನ್ ಕಾವು ಬಡೀತದ" ಅಂದರು ಕಂಡಕ್ಟರು. ಇಂಜಿನ್ನಿನ ಕಾವು, ಗೇರು ಬದಲಾಗುವ ಸದ್ದು, ಗಾಜಿನ ತುಂಬ ನುಗ್ಗಿಬರುವ ರಸ್ತೆ, ಇಷ್ಟಕ್ಕಾಗಿಯೇ ಕೂತವನಿಗೆ ಹಿಂದಿನ ಸೀಟು ಯಾಕೆ? ನಕ್ಕು ಟಿಕೆಟ್ ತೆಗೆದುಕೊಂಡೆ.

ಗಾಲಿಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ ಹಳೆಯ ರೇಸ್ ಕಾರುಗಳೆಂದರೆ ನನಗೆ ಜೀವ. ಅದಕ್ಕಿಂತ ಹೆಚ್ಚಿನ ಹುಚ್ಚು, ಆ ಕಾರಿಗೇ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರಗಳದು. 1957ರಲ್ಲಿ ಇಟಲಿಯ ಮೊಡೆನಾದಲ್ಲಿ ರೇಸ್ ಚಾಲಕ ಹ್ವಾನ್ ಮ್ಯಾನುಯೆಲ್ ಫ್ಯಾಂಜಿಯೊ ಮಾಸೆರಾಟಿ 250ಎಫ್ ಓಡಿಸುವ ಚಿತ್ರವೊಂದಿದೆ. ಎರಡೂವರೆ ಲೀಟರಿನ, ಆರು ಸಿಲಿಂಡರಿನ ಇಂಜಿನ್ನು ಮುಂದೆ. ಅದರ ಹಿಂದೆ ಅಂಗಿ ತೊಟ್ಟ ನಡುವಯಸ್ಸಿನ ಗೃಹಸ್ಥ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ. ಸೀಟ್‌ಬೆಲ್ಟ್ ಇಲ್ಲ. ಕಾರು ಅಡ್ಡಡ್ಡ ಜಾರುತ್ತದೆ, ಅವನ ಕೈಗಳು ದೊಡ್ಡ ಸ್ಟೀರಿಂಗನ್ನು ಚೂರು ಆಚೆ, ಚೂರು ಈಚೆ ತಿದ್ದುತ್ತಲೇ ಇರುತ್ತವೆ. ಮುಖದಲ್ಲಿ ಗಾಬರಿಯ ಸುಳಿವಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ವೇಗ ಮಾತ್ರ. ಕಾರಿನೊಳಗಿನಿಂದ ತೆಗೆದದ್ದರಲ್ಲಿ ವೇಗದ ಹಿಂದಿನ ದುಡಿಮೆ ಕಾಣುತ್ತದೆ. ನನ್ನನ್ನು ಹಿಡಿದಿರುವುದು ಆ ದುಡಿಮೆಯೇ.

ಅದೇ ವರ್ಷ ಆಗಸ್ಟ್ 4ರಂದು ಜರ್ಮನಿಯ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಇದೇ ಮಾದರಿಯ ಕಾರಿನಲ್ಲಿ ಫ್ಯಾಂಜಿಯೊ, ಎದುರಾಳಿಗಳಾದ ಹಾಥಾರ್ನ್ ಮತ್ತು ಕಾಲಿನ್ಸ್ ಇಬ್ಬರನ್ನೂ ಬೆನ್ನಟ್ಟಿ ಹಿಂದಿಕ್ಕಿದ. ಒಂದೊಂದು ಸುತ್ತು 22 ಕಿ.ಮೀ.ಗೂ ಹೆಚ್ಚು. ಆಗ ಅವನಿಗೆ 46 ವರ್ಷ. ಅದು ಅವನ ಕೊನೆಯ ಗ್ರ್ಯಾನ್ ಪ್ರಿ ಗೆಲುವು, ಐದನೇ ವಿಶ್ವ ಪಟ್ಟವೂ ಅಂದೇ ಖಚಿತವಾಯಿತು. ಸರಿಯಾಗಿ 28 ವರ್ಷಗಳ ನಂತರ, 1985ರ ಆಗಸ್ಟ್ 4ರಂದು, ಪಕ್ಕದಲ್ಲೇ ಕಟ್ಟಿದ ಹೊಸ ಟ್ರ್ಯಾಕಿನಲ್ಲಿ ಫ್ರಾನ್ಸ್ವಾ ಎನೋ ಎಂಬವನ ರೆನೋ ಕಾರು ಫಾರ್ಮುಲಾ ಒನ್ ರೇಸಿನ ನಡುವಿನಿಂದಲೇ ಟಿವಿಗೆ ಚಿತ್ರ ಕಳಿಸಿತು. ಎಂಟೇ ಸುತ್ತಿಗೆ ಕ್ಲಚ್ ಕೈಕೊಟ್ಟಿತು ಅನ್ನಿ. ಆದರೂ ಇವತ್ತು ಮನೆಮನೆಯಲ್ಲಿ ನೋಡುವ ಆ ನೋಟಕ್ಕೆ ದಾರಿ ತೆರೆದದ್ದು ಆ ಎಂಟು ಸುತ್ತು.

ಈ ಹುಚ್ಚನ್ನು ತಲೆಯಲ್ಲಿಟ್ಟುಕೊಂಡು ಊರು ನೋಡಹೊರಟರೆ ಎಲ್ಲೆಲ್ಲೂ ಅದೇ. ಬೆಳಿಗ್ಗೆ ಸುಸಲಾ, ಮಿರ್ಚಿ ತಿಂದು ಕಲಬುರಗಿ ಕೋಟೆಗೆ ಹೋಗಿದ್ದೆ. ಬಹಮನಿಗಳ ಕಾಲದ, 1367ರ ಜಾಮಿ ಮಸೀದಿ ಒಳಗಿದೆ. ಸಾಮಾನ್ಯವಾಗಿ ಬಯಲಾಗಿ ಬಿಡುವ ಅಂಗಳಕ್ಕೂ ಇಲ್ಲಿ ಪೂರ್ತಿ ಚಾವಣಿ. ಅಂಚಿನ ಪಡಸಾಲೆಯ ಕಮಾನುಗಳು ನೆಲಕ್ಕೆ ಹತ್ತಿರದಲ್ಲೇ ಹುಟ್ಟಿ ಅಗಲಕ್ಕೆ ಹರಡಿಕೊಳ್ಳುತ್ತವೆ. ಒಂದು ತುದಿಯಲ್ಲಿ ನಿಂತು ಬಿರಬಿರನೆ ನಡೆದೆ. ಕಮಾನಿನೊಳಗೊಂದು ಕಮಾನು, ಅದರೊಳಗೆ ಮತ್ತೊಂದು, ಒಂದೊಂದೇ ಬಂದು ತಲೆಯ ಮೇಲೆ ಹಾದುಹೋಗುತ್ತಿತ್ತು. ಆರೂವರೆ ಶತಮಾನದ ಹಿಂದಿನ ಕಲ್ಲುಗಾರೆ ಓಡುತ್ತಿದೆ, ನಾನೇ ನಿಂತಿದ್ದೇನೆ! ಕಾವಲುಗಾರರು ಒಂದು ಥರಾ ನೋಡಿದರು. ಕೋಟೆಯ ಮೇಲಿನ ಉದ್ದನೆಯ ಬಾರಾ ಗಜಿ ತೋಪು ನೋಡಿಯೇ ಬನ್ನಿ ಎಂದು ಎಲ್ಲರೂ ಹೇಳುತ್ತಾರೆ. ನೋಡಿದೆ, ಉದ್ದವಾಗಿದೆ. ಮಸೀದಿಗೆ ಸಾಟಿಯಲ್ಲ.

ಬಸ್ಸು ಊರು ದಾಟಿತು. ಎರಡೂ ಕಡೆ ಎರೆಭೂಮಿ, ಕಟಾವಾದ ತೊಗರಿಯ ಕೂಳೆ. ಧಾನ್ಯದ ಮಾರುಕಟ್ಟೆಯಾದ ಗಂಜಿನತ್ತ ಹೊರಟ ಟ್ರ್ಯಾಕ್ಟರುಗಳು ಮೂಟೆ ಹೊತ್ತು ಎದುರು ಬರುತ್ತಿದ್ದವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರ ಹತ್ತಿರವಾದಂತೆ ನೆಲ ಏರಿಳಿಯತೊಡಗಿತು, ಕಪ್ಪು ಮಣ್ಣಿಗೆ ಕೆಂಪು ಬೆರೆಯಿತು. ತಿರುವೊಂದರಲ್ಲಿ ಡ್ರೈವರ್ ಗೇರು ಇಳಿಸಿದರು. ಇಂಜಿನ್ನಿನ ದನಿ ಒಂದು ಮೆಟ್ಟಿಲು ಮೇಲೇರಿತು. ನನಗೆ ರೋಮಾಂಚನ, ಪಕ್ಕದ ಅಜ್ಜಿಗೆ ನಿದ್ದೆ.

ಕಮಲಾಪುರ ಕಲಬುರಗಿಯಿಂದ ಸುಮಾರು 35 ಕಿ.ಮೀ. ಈಗ ತಾಲ್ಲೂಕು ಕೇಂದ್ರ. ಹೆಸರಾಗಿರುವುದು ಕೆಂಬಾಳೆಗೆ. ತೋಟ ನೋಡಬೇಕೆಂದು ವಿಚಾರಿಸುತ್ತಿದ್ದಾಗ ಹಿರಿಯರೊಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ, "ನಮ್ಮ ತ್ವಾಟಕ್ಕೇ ಹೊಂಟೀನಿ, ಕುಂದರ್ರಿ ತಮ್ಮಾ" ಅಂದರು. ಮಡ್‌ಗಾರ್ಡಿನ ಮೇಲೆ ಕೂತು ಮುಂದೆ ನೋಡಿದೆ. ಬಾನೆಟ್ಟಿನ ಆಚೆ, ಎಡಕ್ಕೊಂದು ಬಲಕ್ಕೊಂದು, ಏನೂ ಮುಚ್ಚಿಕೊಳ್ಳದ ಮುಂದಿನ ಗಾಲಿಗಳು! ಅಜ್ಜ ಸ್ಟೀರಿಂಗ್ ಅಲುಗಿಸಿದರೆ ಸರಳು ಎಳೆಯುವುದು, ಗಾಲಿ ಹೊರಳುವುದು, ಗುಂಡಿಗೆ ಬಿದ್ದು ಏಳುವುದು, ಎಲ್ಲ ಕಣ್ಣೆದುರಿಗೇ. ಗಾಲಿ ಹೊರಗಿರುವ ಬಂಡಿ ನೋಡಲು ಮೊಡೆನಾದವರೆಗೆ ಹೋಗಬೇಕಾಗಿಲ್ಲ. ಫೋನು ತೆಗೆದು ಚಿತ್ರ ಹಿಡಿಯತೊಡಗಿದೆ. "ಮೊಬೈಲ್ ಜ್ವಾಕಿರಿ, ಬಿದ್ರ ಗಾಲಿ ಕೆಳಗ ಹೋಗ್ತದ. ಇಷ್ಟಕ್ಕೂ ಏನ್ ತೆಗೀಲಾಕತ್ತೀರಿ?" ಗಾಲಿ ಎಂದೆ. ಅವರು ನನ್ನ ಮುಖ ನೋಡಿ, ಏನೂ ಅನ್ನದೆ ಗೇರು ಹಾಕಿದರು.

ತೋಟದಲ್ಲಿ ಕೆಂಬಾಳೆಯ ಗೊನೆಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಬೇರೆ ಬಾಳೆ ಸುಮಾರು ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಹಾಗಾಗಿ ಬೆಳೆಯುವವರು ಕಡಿಮೆ, ಬೆಲೆ ಜಾಸ್ತಿ. ಒಂದು ಸುಲಿದು ಕೊಟ್ಟರು. ಮೆತ್ತಗೆ, ಘಮ್ಮನೆ, ಒಂದೇ ಹಣ್ಣಿಗೆ ಹೊಟ್ಟೆ ತುಂಬಿತು.

ರೇಸಿನ ಮಾತು ತೆಗೆದಾಗ, ಅದೆಲ್ಲ ಹೊರದೇಶದ್ದು ಎನ್ನುವವರು ಇದ್ದಾರೆ. ಆದರೆ 1980ರ ದಶಕದಲ್ಲೇ ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತರಿಸಿ, ಮದ್ರಾಸಿನ ಬಳಿ ಶೋಳವರಂನ ಯುದ್ಧಕಾಲದ ರನ್‌ವೇ ಮೇಲೆ ಓಡಿಸಿದ್ದರು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಹುಡುಗ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ, ಅಲ್ಲಿ ಗೆದ್ದ ಮೊದಲ ಭಾರತೀಯ. ಮೊನಾಕೊ ಸುತ್ತಿನ ಸೊಗಸೆಲ್ಲ ಅದರ ಸುರಂಗದಲ್ಲಿದೆ: ಕತ್ತಲಲ್ಲಿ ಬಾಗಿ ಓಡಿ, ಸಮುದ್ರದ ಬೆಳಕಿಗೆ ಒಮ್ಮೆಲೇ ಬೀಳುವುದು.

ಕಮಲಾಪುರದವರಿಗೂ ಒಂದು ಸುರಂಗವಿದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲುಮಾರ್ಗ ಈ ತಾಲ್ಲೂಕಿನ ಮರಗುತ್ತಿಯ ಬಳಿ ಒಂದೂವರೆ ಕಿ.ಮೀ.ಗೂ ಹೆಚ್ಚು ದೂರ ಗುಡ್ಡದೊಳಗೆ ಹೋಗುತ್ತದೆ. ನೀವು ಹೋಗುವುದಾದರೆ ಒಂದು ಸಲ ಬಸ್ಸಿನಲ್ಲಿ, ಒಂದು ಸಲ ರೈಲಿನಲ್ಲಿ ಹೋಗಿ. ಬಸ್ಸಾದರೆ ಇಂಜಿನ್ನಿನ ಕಾವು ಸಹಿಸಿಕೊಂಡು ಮುಂದೆಯೇ ಕೂರಿ. ರೈಲಾದರೆ ಬಾಗಿಲಲ್ಲಿ ನಿಲ್ಲಬೇಡಿ, ಕಿಟಕಿ ಸಾಕು. ಹೊರಡುವ ಹಿಂದಿನ ರಾತ್ರಿ ಫ್ಯಾಂಜಿಯೊನ ಆ ಚಿತ್ರವನ್ನು ಒಮ್ಮೆ ನೋಡಿಕೊಳ್ಳಿ.