ಮೂರು ಗಂಟೆಗೆ ಮುನ್ನ ಬಂದ ಆದೇಶ

2020ರ ಜೂನ್ 6, ಶನಿವಾರ. ಆಸ್ಟ್ರೇಲಿಯದ ಸಿಡ್ನಿ ನಗರದ ಟೌನ್ ಹಾಲಿನ ಮುಂದೆ ಸಹಸ್ರಾರು ಜನ ಮುಖಗವಸು ಧರಿಸಿ ನೆರೆದಿದ್ದರು. ಮೆರವಣಿಗೆ ಹೊರಡಬೇಕಾದದ್ದು ಮೂರು ಗಂಟೆಗೆ. ಅದು ಕಾನೂನುಬದ್ಧವೇ ಅಲ್ಲವೇ ಎಂಬುದು ಮಾತ್ರ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಿಂದಿನ ಸಂಜೆಯಷ್ಟೇ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರು ಅನುಮತಿ ನಿರಾಕರಿಸಿದ್ದರು. ಅಲ್ಲಿ ಆ ಹೆಸರು ನಮ್ಮ ಹೈಕೋರ್ಟಿಗೆ ಸಮನಾದ ನ್ಯಾಯಾಲಯಕ್ಕೆ ಸಲ್ಲುತ್ತದೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತು ಎರಡು ವಾರವೂ ಕಳೆದಿರಲಿಲ್ಲ. ಸಿಡ್ನಿಯ ಜನ ಫ್ಲಾಯ್ಡ್‌ಗಾಗಿ ನೆರೆದಿದ್ದರು. ಅದಕ್ಕಿಂತ ಮಿಗಿಲಾಗಿ ತಮ್ಮವನೇ ಆದ ಡೇವಿಡ್ ಡಂಗೇ ಎಂಬ ಮೂಲನಿವಾಸಿ ಯುವಕನಿಗಾಗಿ ನೆರೆದಿದ್ದರು. 2015ರ ಡಿಸೆಂಬರ್ 29ರಂದು ಸೆರೆಮನೆಯ ಆಸ್ಪತ್ರೆಯಲ್ಲಿ, ಮಧುಮೇಹಿಯಾದ ಆತ ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಲಿಲ್ಲವೆಂಬುದರಿಂದ ತೊಡಗಿದ ಜಟಾಪಟಿಯಲ್ಲಿ, ಕಾವಲುಗಾರರು ಅವನನ್ನು ಬೋರಲಾಗಿ ಕೆಡವಿ ಅದುಮಿ ಹಿಡಿದರು. ಉಸಿರಾಡಲಾಗುತ್ತಿಲ್ಲವೆಂದು ಅವನು ಮತ್ತೆ ಮತ್ತೆ ಕೂಗಿದ್ದು ವಿಡಿಯೊದಲ್ಲಿ ದಾಖಲಾಗಿದೆ. ವಯಸ್ಸು ಇಪ್ಪತ್ತಾರು. ಮರಣ ವಿಚಾರಣೆ 2019ರಲ್ಲಿ ಮುಗಿಯಿತು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ತಾಯಿ ಲೀಟೋನಾ ಡಂಗೇ ಬೀದಿಗಿಳಿದರು.

ಮೂಲನಿವಾಸಿಗಳು ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಮೂವರಷ್ಟು; ಸೆರೆಮನೆಗಳಲ್ಲಿ ಮಾತ್ರ ಕಾಲುಭಾಗಕ್ಕೂ ಹೆಚ್ಚು. ಇವರ ಬಂಧನದ ಸಾವುಗಳ ಕುರಿತ ರಾಜ ಆಯೋಗ 1991ರಲ್ಲೇ 339 ಶಿಫಾರಸುಗಳನ್ನು ನೀಡಿತ್ತು. ಆ ಬಳಿಕವೂ ನಾನೂರಕ್ಕೂ ಹೆಚ್ಚು ಮಂದಿ ಬಂಧನದಲ್ಲಿ ಸತ್ತಿದ್ದರು. ಮನೆಯಲ್ಲೇ ಇರಿ ಎಂಬ ಮಾತು ಅಂಥವರ ಕಿವಿಗೆ ಹೇಗೆ ಕೇಳಿಸೀತು?

ಆದರೂ ಸಂಘಟಕರು ರೋಗವನ್ನು ಹಗುರವಾಗಿ ಕಂಡವರಲ್ಲ. ಮುಖಗವಸು, ಕೈತೊಳೆಯುವ ದ್ರಾವಣಗಳನ್ನು ಹಂಚಿದರು. ಬಯಲಿನ ಗಾಳಿಯಲ್ಲಿ ಸೋಂಕು ಹರಡುವುದು ಕಡಿಮೆ, ಆದರೆ ಘೋಷಣೆ ಕೂಗುವಾಗ ಬಾಯಿಂದ ಹನಿ ಹೆಚ್ಚು ಚಿಮ್ಮುತ್ತದೆ. ಆದುದರಿಂದ ಪ್ರತಿಭಟನೆಯಲ್ಲಿ ಕೂಗಬೇಕಾದ ಬಾಯಿಯನ್ನೇ ಮುಚ್ಚಿಕೊಳ್ಳಬೇಕಾದ ವಿಚಿತ್ರ ಸ್ಥಿತಿ. ಅದೇ ದಿನ ಮೆಲ್ಬರ್ನ್‌ನಲ್ಲಿಯೂ ಹೀಗೆಯೇ ನಡೆಯಿತು. ಅಲ್ಲಿಯ ಸಂಘಟಕರಿಗೆ ತಲಾ 1,652 ಡಾಲರ್ ದಂಡ ಬಿತ್ತು.

ಸಿಡ್ನಿಯ ಕಥೆ ತಿರುಗಿದ್ದು ಒಂದು ಪತ್ರದಿಂದ. ನ್ಯೂ ಸೌತ್ ವೇಲ್ಸ್ ರಾಜ್ಯದ 1988ರ ಕಾನೂನಿನಂತೆ, ಏಳು ದಿನ ಮುಂಚಿತವಾಗಿ ತಿಳುವಳಿಕೆ ಪತ್ರ ಕೊಟ್ಟರೆ, ನ್ಯಾಯಾಲಯ ತಡೆಯದ ಹೊರತು ಮೆರವಣಿಗೆ ಅಧಿಕೃತ. ಅವಧಿ ಅದಕ್ಕಿಂತ ಕಡಿಮೆಯಾದರೆ, ಆಕ್ಷೇಪವಿಲ್ಲವೆಂದು ಪೊಲೀಸರು ತಿಳಿಸಿರಬೇಕು, ಇಲ್ಲವೇ ನ್ಯಾಯಾಲಯ ಒಪ್ಪಬೇಕು. ಸಂಘಟಕರು ಮೊದಲು ಐವತ್ತು ಜನರೆಂದು ಪತ್ರ ಕೊಟ್ಟು, ಬಳಿಕ ಅದನ್ನು ಐದು ಸಾವಿರವೆಂದು ತಿದ್ದಿದ್ದರು. ಇದು ಹೊಸ ಪತ್ರ, ಅವಧಿ ಸಾಲದು ಎಂಬುದು ಪೊಲೀಸರ ವಾದ. ಮೇಲ್ಮನವಿಯ ತ್ರಿಸದಸ್ಯ ಪೀಠ ಆ ಶನಿವಾರ ಮಧ್ಯಾಹ್ನವೇ ಕುಳಿತು, ತಿದ್ದಿದ ಪತ್ರದ ಕುರಿತು ಪೊಲೀಸರೇ ಕಳುಹಿಸಿದ್ದ ಇಮೇಲನ್ನು ಓದಿತು. ಅದರಲ್ಲಿ ಆಕ್ಷೇಪವಿಲ್ಲವೆಂಬ ಅರ್ಥವಿದೆಯೆಂದು ತೀರ್ಮಾನಿಸಿತು. ಮೂರು ಗಂಟೆಗೆ ಕೆಲವೇ ನಿಮಿಷಗಳಿದ್ದಾಗ ಆದೇಶ ಹೊರಬಿತ್ತು. ಕೇಳಿದವರು ಹರ್ಷೋದ್ಗಾರ ಮಾಡಿದರು. ಮನವಿ ಕೊಟ್ಟು, ಇನ್ನೊಂದು ಪ್ರತಿಯಲ್ಲಿ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುವ ಗಡಿನಾಡಿನ ಹಿರಿಯರಿಗೆ ಈ ಘಟನೆಯಲ್ಲಿ ಅಚ್ಚರಿಯೇನೂ ಕಾಣದು.

ಆದರೆ ಅಂದಿನ ಹರ್ಷದಲ್ಲಿ ಒಂದು ಸೂಕ್ಷ್ಮ ಮರೆಯಾಯಿತು. ರೋಗಭಯಕ್ಕಿಂತ ಪ್ರತಿಭಟನೆಯ ಹಕ್ಕು ದೊಡ್ಡದೆಂದು ಪೀಠ ಹೇಳಿರಲಿಲ್ಲ. ಅದು ಪತ್ರವ್ಯವಹಾರವನ್ನಷ್ಟೇ ಪರಿಶೀಲಿಸಿತ್ತು.

ನಿಜವಾದ ಪ್ರಶ್ನೆ ಎದುರಾದದ್ದು ಜುಲೈಯಲ್ಲಿ. ಡಂಗೇ ಕುಟುಂಬಕ್ಕಾಗಿ 28ರಂದು ಮತ್ತೊಂದು ಮೆರವಣಿಗೆ ನಿಶ್ಚಯವಾಯಿತು. ನಗರದಲ್ಲಿ ಸೋಂಕು ಮತ್ತೆ ತಲೆಯೆತ್ತಿತ್ತು. ಪೊಲೀಸರು ಈ ಸಲ ಎಚ್ಚರದಿಂದ ಮೊದಲೇ ನ್ಯಾಯಾಲಯಕ್ಕೆ ಹೋದರು. ಹಕ್ಕನ್ನೂ ಅಪಾಯವನ್ನೂ ತಕ್ಕಡಿಯಲ್ಲಿಟ್ಟ ನ್ಯಾಯಾಧೀಶರು ಮೆರವಣಿಗೆಯನ್ನು ನಿಷೇಧಿಸಿದರು. ಮೇಲ್ಮನವಿಯೂ ವಜಾ ಆಯಿತು. ಆ ತೀರ್ಪು ತಪ್ಪೆಂದು ಸುಲಭವಾಗಿ ಹೇಳಲಾಗದು. ಸೋಂಕು ತಗಲುವುದು ಮೆರವಣಿಗೆಗೆ ಬಂದವರಿಗೆ ಮಾತ್ರವಲ್ಲ, ಮನೆಯಲ್ಲಿ ಕುಳಿತ ಅವರ ಅಜ್ಜಿಗೂ ತಗಲುತ್ತದೆ. ಆದರೆ ಅದೇ ತಿಂಗಳು ಕ್ರೀಡಾಂಗಣಗಳ ಕಾಲುಭಾಗ ಆಸನಗಳಲ್ಲಿ ಪ್ರೇಕ್ಷಕರು ಕುಳಿತು ಪಂದ್ಯ ನೋಡಲು ಸರಕಾರ ಒಪ್ಪಿತ್ತು. ಆಟಕ್ಕೆ ಅಳತೆ ಹಾಕಿ ಜಾಗ ಕೊಟ್ಟ ಆಡಳಿತ, ಮಗನ ಸಾವಿನ ತನಿಖೆ ಕೇಳುವ ತಾಯಿಗೂ ಹಾಗೆಯೇ ಅಳತೆ ಹಾಕಿ ಒಂದಿಷ್ಟು ಬಯಲು ತೋರಿಸಬಹುದಿತ್ತು. ಸುರಕ್ಷತೆಯ ಹೊರೆಯನ್ನು ಸಂಘಟಕರ ತಲೆಗೆ ಮಾತ್ರ ಹೊರಿಸಿದ್ದು ಇಲ್ಲಿಯ ಲೋಪ.

28ರಂದು ಡೊಮೇನ್ ಉದ್ಯಾನದಲ್ಲಿ ಸೇರತೊಡಗಿದವರನ್ನು ಪೊಲೀಸರು ಚದುರಿಸಿದರು; ಸಂಘಟಕರೊಬ್ಬರ ಸಹಿತ ಕೆಲವರನ್ನು ಬಂಧಿಸಿದರು. ಡಂಗೇ ಕುಟುಂಬದವರು ಸಹಿ ಸಂಗ್ರಹದ ಮನವಿಯನ್ನು ಹಿಡಿದು ರಾಜ್ಯದ ಸಂಸತ್ ಭವನಕ್ಕೆ ನಡೆದರು. ಮರುವರ್ಷ, 2021ರ ಜೂನ್‌ನಲ್ಲಿ, ಲೀಟೋನಾ ಡಂಗೇ ಅವರ ದೂರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋಯಿತು.